ಲಿವರ್ ಸಿರೋಸಿಸ್ ಇದ್ದವರು ಮಲದ ಮೇಲೆ ಕಣ್ಣಿಡಬೇಕು, ಏಕೆ?

ರೋಗಿಗಳ ಹಾಗೂ ಅವರ ಮನೆಯವರ ತಿಳುವಳಿಕೆಗಾಗಿ



ಯಕೃತ್ತಿನ ಕಾಯಿಲೆಯವರು ನಮ್ಮ ಆಸ್ಪತ್ರೆಗೆ ಬಂದಾಗ ವೈದ್ಯರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಮಲ ಯಾವ ಬಣ್ಣದಲ್ಲಿ ಹೋಗುತ್ತಿದೆ, ದಿನಕ್ಕೆ ಎಷ್ಟು ಸಲ ಆಗುತ್ತಿದೆ? ಕೇಳಿದ ಕೂಡಲೇ ಹಲವರು ತಲೆ ತಗ್ಗಿಸುತ್ತಾರೆ. "ಅದನ್ನ ಯಾರು ನೋಡ್ತಾರ್ರೀ ಡಾಕ್ಟ್ರ" ಎಂದು ನಕ್ಕುಬಿಡುವವರೂ ಉಂಟು. ಹೆಂಗಸರಂತೂ ಪಕ್ಕದಲ್ಲಿ ಮಗ ಅಥವಾ ಅಳಿಯ ನಿಂತಿದ್ದರೆ ಬಾಯಿಯನ್ನೇ ಬಿಡುವುದಿಲ್ಲ. ಈ ನಾಚಿಕೆ ನಮಗೆ ಅರ್ಥವಾಗುತ್ತದೆ. ಆದರೆ ಸಿರೋಸಿಸ್ ಕಾಯಿಲೆಯಲ್ಲಿ ಪ್ರಾಣಕ್ಕೆ ಕುತ್ತು ತರುವ ತೊಂದರೆಗಳು ಬಹಳ ಸಲ ಮೊದಲು ಕಾಣಿಸಿಕೊಳ್ಳುವುದು ಪಾಯಖಾನೆಯಲ್ಲೇ. ಅದನ್ನು ಗುರುತಿಸಲು ಯಂತ್ರ ಬೇಡ, ಹಣ ಬೇಡ. ಏಳುವ ಮೊದಲು ಒಮ್ಮೆ ಬಗ್ಗಿ ನೋಡಿದರೆ ಆಯಿತು.

ಬಯಲಿಗೆ ಹೋಗುವ ಅಭ್ಯಾಸ ಇನ್ನೂ ಉಳಿಸಿಕೊಂಡವರಿಗೆ, ಬೆಳಗಿನ ಜಾವ ಕತ್ತಲಲ್ಲೇ ಹೋಗಿ ಬರುವವರಿಗೆ ಒಂದು ಮಾತು. ಈ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಮನೆಯ ಶೌಚಾಲಯವನ್ನೇ ಬಳಸಿ, ಒಳಗೆ ಚೆನ್ನಾಗಿ ಬೆಳಕು ಬೀಳುವ ಹಾಗೆ ಒಂದು ಬಲ್ಬು ಹಾಕಿಸಿ.

ಒಳಗೆ ಏನಾಗಿರುತ್ತದೆ?

ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗ, ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನ ಕೆಳಗಿದೆ. ವರ್ಷಾನುಗಟ್ಟಲೆ ಮದ್ಯಪಾನ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಿಂದ ಬರುವ ಕೊಬ್ಬಿನ ಲಿವರ್, ಹೀಗೆ ಯಾವುದೇ ಕಾರಣದಿಂದ ಯಕೃತ್ತಿಗೆ ಮೇಲಿಂದ ಮೇಲೆ ಗಾಯವಾದರೆ ಗಾಯದ ಜಾಗದಲ್ಲಿ ಗಟ್ಟಿ ನಾರು ಬೆಳೆಯುತ್ತದೆ. ಮೆತ್ತಗಿದ್ದ ಅಂಗ ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿರೋಸಿಸ್. ಕುಡಿಯದವರಿಗೂ ಬರುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ. ರೋಗಿಯನ್ನು ಸುಮ್ಮನೆ ಸಂಶಯದಿಂದ ನೋಡುವುದು ಬೇಡ.

ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಯಕೃತ್ತಿನ ಮೂಲಕ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳು ಮತ್ತು ಗುಲ್ಮದ ಕಡೆಯಿಂದ ಪೋರ್ಟಲ್ ಎಂಬ ದೊಡ್ಡ ರಕ್ತನಾಳದಲ್ಲಿ ಬರುವಂಥದ್ದು. ಯಕೃತ್ತು ಗಡುಸಾದಾಗ ಈ ರಕ್ತಕ್ಕೆ ದಾರಿ ಸಿಗುವುದಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಒಡ್ಡು ಏರಿ ಪಕ್ಕದ ಹೊಲಕ್ಕೆ ನುಗ್ಗುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಹಾಗೆಯೇ. ಒತ್ತಡ ಹೆಚ್ಚಿದ ರಕ್ತ ಅನ್ನನಾಳ, ಜಠರ ಮತ್ತು ಗುದದ್ವಾರದ ಸುತ್ತಲಿನ ಸಣ್ಣ ರಕ್ತನಾಳಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಅದೇ ಒತ್ತಡದಿಂದ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅದು ಜಲೋದರ. ಇನ್ನು ಕರುಳಿನಲ್ಲಿ ಹುಟ್ಟುವ ವಿಷ ಯಕೃತ್ತಿನಲ್ಲಿ ಶುದ್ಧವಾಗದೆ ನೇರವಾಗಿ ಮೆದುಳಿಗೆ ಹೋಗುತ್ತದೆ. ರಕ್ತಸ್ರಾವ, ಮಂಪರು, ಹೊಟ್ಟೆಯ ನೀರಿನಲ್ಲಿ ಸೋಂಕು, ಈ ಮೂರೂ ದೊಡ್ಡ ತೊಂದರೆಗಳ ಮೂಲ ಇಲ್ಲಿದೆ. ಮೂರರ ಸುಳಿವೂ ಮಲದಲ್ಲಿ ಸಿಗಬಹುದು.

ಡಾಂಬರಿನಂಥ ಕಪ್ಪು ಮಲ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ಅನ್ನನಾಳದಲ್ಲಿ ಅಥವಾ ಜಠರದಲ್ಲಿ ಉಬ್ಬಿದ ರಕ್ತನಾಳ ಒಡೆದರೆ ರಕ್ತವಾಂತಿ ಆಗಬಹುದು. ಅದನ್ನು ಕಂಡು ಯಾರೂ ಸುಮ್ಮನಿರುವುದಿಲ್ಲ, ಹೆದರಿ ಓಡಿ ಬರುತ್ತಾರೆ. ಆದರೆ ಎಲ್ಲರಿಗೂ ವಾಂತಿ ಆಗುವುದಿಲ್ಲ. ರಕ್ತ ನಿಧಾನವಾಗಿ ಸೋರಿದಾಗ ಅದು ಕೆಳಗಿಳಿಯುತ್ತದೆ. ಜಠರದ ಆಮ್ಲ ಮತ್ತು ಕರುಳಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಕಪ್ಪಾಗಿ ಹೊರಬರುತ್ತದೆ. 50ರಿಂದ 100 ಮಿಲಿ ಲೀಟರ್ ರಕ್ತ, ಅಂದರೆ ಹೆಚ್ಚೆಂದರೆ ಅರ್ಧ ಲೋಟ ಚಹಾದಷ್ಟು, ಸೋರಿದರೆ ಸಾಕು, ಮಲ ಕಪ್ಪಾಗುತ್ತದೆ. ನೋವು ಇರುವುದಿಲ್ಲ. ಜ್ವರ ಇರುವುದಿಲ್ಲ. ಹೀಗಾಗಿಯೇ ಜನ ಮೋಸ ಹೋಗುತ್ತಾರೆ. "ಉಷ್ಣ ಆಗೈತಿ, ಮಜ್ಜಿಗಿ ಕುಡಿ" ಎಂದು ಮನೆಯ ಹಿರಿಯರು ಹೇಳುತ್ತಾರೆ. ಎರಡು ದಿನ ಮಜ್ಜಿಗೆ, ಮೂರನೆಯ ದಿನ ತಲೆ ತಿರುಗಿ ಬೀಳುವುದು. ಆಮೇಲೆ ಗಾಡಿ ಹುಡುಕಾಟ.

ಈ ಮಲವನ್ನು ಗುರುತಿಸುವುದು ಕಷ್ಟವಲ್ಲ. ರಸ್ತೆಗೆ ಹಾಕುವ ಡಾಂಬರಿನ ಹಾಗೆ ಕಡುಕಪ್ಪು, ಮಿರಮಿರ ಹೊಳಪು, ಅಂಟು. ಒಂದು ಚೊಂಬು ನೀರಿಗೆ ತೊಳೆದು ಹೋಗುವುದಿಲ್ಲ. ಮಾಮೂಲಿಗಿಂತ ಬೇರೆಯಾದ ಕೆಟ್ಟ ವಾಸನೆ ಇರುತ್ತದೆ. ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ.

ರಕ್ತ ಹೆಚ್ಚಿಸುವ ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ ಎಂಬುದು ನಿಜ. ಅದರಲ್ಲಿ ಹಸಿರು ಛಾಯೆ ಇರುತ್ತದೆ, ಅಂಟು ಮತ್ತು ಆ ವಾಸನೆ ಇರುವುದಿಲ್ಲ. ಬಹಳ ಸೊಪ್ಪು ತಿಂದರೆ ಹಸಿರಾಗುತ್ತದೆ, ಬೀಟ್‌ರೂಟ್ ತಿಂದರೆ ಕೆಂಪಾಗುತ್ತದೆ. ಆದರೆ ಸಿರೋಸಿಸ್ ಇದ್ದವರು ಈ ವ್ಯತ್ಯಾಸವನ್ನು ಮನೆಯಲ್ಲೇ ತೀರ್ಮಾನ ಮಾಡಲು ಹೋಗಬೇಡಿ. ಕಬ್ಬಿಣದ ಮಾತ್ರೆಯಿಂದ ಕಪ್ಪಾಗಿದ್ದರೆ ನೋಡಿ ವಾಪಸ್ಸು ಕಳಿಸುತ್ತೇವೆ, ಬೈಯುವುದಿಲ್ಲ.

ಮಲ ಡಾಂಬರಿನ ಹಾಗೆ ಬಂದರೆ ಅದೇ ಗಳಿಗೆಯಲ್ಲಿ ಹೊರಡಬೇಕು. ಬೆಳಗಾಗಲಿ, ಬಸ್ಸು ಬರಲಿ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಿ. ಎಂಡೋಸ್ಕೋಪಿ ಮಾಡುವ ಸೌಲಭ್ಯ, ರಕ್ತ ಕೊಡುವ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ. ಬಾಯಿಗೆ ಊಟ, ಚಹಾ, ಯಾವ ಕಷಾಯವನ್ನೂ ಹಾಕಬೇಡಿ. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗದಿರಲಿ. ಆಸ್ಪತ್ರೆಯಲ್ಲಿ ರಕ್ತನಾಳದ ಒತ್ತಡ ತಗ್ಗಿಸುವ ಇಂಜೆಕ್ಷನ್, ಸೋಂಕು ತಡೆಯುವ ಆಂಟಿಬಯೋಟಿಕ್ ಕೊಟ್ಟು, ಸಾಧ್ಯವಾದಷ್ಟೂ 12 ಗಂಟೆಗಳ ಒಳಗೆ ಎಂಡೋಸ್ಕೋಪಿ ಮೂಲಕ ಒಡೆದ ನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಾರೆ. ಇಷ್ಟೆಲ್ಲ ಚಿಕಿತ್ಸೆ ಸಿಕ್ಕರೂ ಇಂಥ ರಕ್ತಸ್ರಾವವಾದ ನೂರು ಜನರಲ್ಲಿ ಸುಮಾರು 15ರಿಂದ 20 ಜನ ಆರು ವಾರದೊಳಗೆ ತೀರಿಕೊಳ್ಳುತ್ತಾರೆ. ತಡವಾಗಿ ಬಂದವರ ಪಾಡು ಇನ್ನೂ ಕಷ್ಟ. ನಿಮ್ಮನ್ನು ಹೆದರಿಸಲು ಇದನ್ನು ಬರೆದಿಲ್ಲ, ಬೇಗ ಹೊರಡಲಿ ಎಂದು ಬರೆದಿದ್ದೇವೆ.

ಬ್ಯಾಂಡ್ ಹಾಕಿಸಿಕೊಂಡು ಮನೆಗೆ ಹೋದ ಮೇಲೆ ಮೂರ್ನಾಲ್ಕು ದಿನ ಹಳೆಯ ರಕ್ತ ಕಪ್ಪಾಗಿಯೇ ಹೋಗಬಹುದು. ದಿನದಿಂದ ದಿನಕ್ಕೆ ಬಣ್ಣ ತಿಳಿಯಾಗುತ್ತ ಬರಬೇಕು. ತಿಳಿಯಾದದ್ದು ಮತ್ತೆ ಕಪ್ಪಾದರೆ ಪುನಃ ಬನ್ನಿ. ಪ್ರೊಪ್ರನಲಾಲ್ ಅಥವಾ ಕಾರ್ವೆಡಿಲಾಲ್ ಎಂಬ ಮಾತ್ರೆ ಬರೆದುಕೊಟ್ಟಿದ್ದರೆ ಅದು ಈ ರಕ್ತನಾಳಗಳ ಒತ್ತಡ ಇಳಿಸಲು ಕೊಟ್ಟದ್ದು. "ನನಗೆ ಬಿ.ಪಿ. ಇಲ್ಲ, ಬಿ.ಪಿ. ಮಾತ್ರೆ ಏಕೆ" ಎಂದು ನೀವೇ ನಿಲ್ಲಿಸಬೇಡಿ. ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ನುಂಗುವುದಂತೂ ಬೇಡವೇ ಬೇಡ. ಅವು ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಕೆಂಪು, ಬಿಳಿಚು, ಎಣ್ಣೆಯಂಥ ಮಲ

ಮಲದ ಜೊತೆ ಹಸಿ ಕೆಂಪು ರಕ್ತ ಬಿದ್ದರೆ ಎಲ್ಲರೂ ಮೂಲವ್ಯಾಧಿ ಎಂದುಕೊಳ್ಳುತ್ತಾರೆ. ಇರಬಹುದು. ಆದರೆ ಸಿರೋಸಿಸ್‌ನಲ್ಲಿ ಗುದದ್ವಾರದ ಒಳಗೂ ರಕ್ತನಾಳಗಳು ಉಬ್ಬಿರುತ್ತವೆ, ಮೂಲವ್ಯಾಧಿ ಎಂದು ಕಂಡಕಂಡಲ್ಲಿ ಸುಡಿಸಿದರೆ, ಕೊಯ್ಸಿದರೆ ರಕ್ತ ನಿಲ್ಲದೆ ಹೋಗಬಹುದು. ಲಿವರ್ ಕಾಯಿಲೆ ಇದೆ ಎಂಬುದನ್ನು ಯಾವ ವೈದ್ಯರ ಬಳಿ ಹೋದರೂ ಮೊದಲು ಹೇಳಿ. ಮೇಲಿನಿಂದ ಜೋರಾಗಿ ರಕ್ತ ಸುರಿದರೆ ಅದು ಕಪ್ಪಾಗಲು ಸಮಯವೇ ಸಿಗದೆ ಕೆಂಪಾಗಿಯೇ ಬರುವುದೂ ಉಂಟು. ತಲೆ ಸುತ್ತು, ತಣ್ಣನೆ ಬೆವರು ಜೊತೆಗಿದ್ದರೆ ತುರ್ತು ಎಂದೇ ತಿಳಿಯಿರಿ.

ಮಲಕ್ಕೆ ಹಳದಿಕಂದು ಬಣ್ಣ ಬರುವುದು ಪಿತ್ತರಸದಿಂದ. ಅದು ಜೇಡಿಮಣ್ಣಿನ ಹಾಗೆ ಬಿಳಿಚಿಕೊಂಡು, ಮೂತ್ರ ಮಾತ್ರ ಗಾಢವಾಗಿ, ಮೈ ತುರಿಸುತ್ತಿದ್ದರೆ ಪಿತ್ತರಸದ ಹರಿವಿಗೆ ಎಲ್ಲೋ ತಡೆಯಾಗಿದೆ ಎಂದರ್ಥ. ಇದು ರಾತ್ರಿಯ ಓಟವಲ್ಲ, ಆದರೆ ಆ ವಾರದಲ್ಲೇ ತೋರಿಸಿ. ಎಣ್ಣೆ ಎಣ್ಣೆಯಾಗಿ ನೀರಿನ ಮೇಲೆ ತೇಲುವ ಮಲ ಕೊಬ್ಬು ಜೀರ್ಣವಾಗದ ಗುರುತು. ಬಹಳ ವರ್ಷ ಕುಡಿದವರಲ್ಲಿ ಮೇದೋಜೀರಕ ಗ್ರಂಥಿಯೂ ಕೆಟ್ಟಿರಬಹುದು.

ಎಣಿಸಬೇಕಾದ ಮಲ

ಈಗ ಬಣ್ಣ ಬಿಟ್ಟು ಲೆಕ್ಕಕ್ಕೆ ಬರೋಣ.

ನಾವು ತಿಂದ ಆಹಾರದ ಸಾರಜನಕದ ಅಂಶವನ್ನು ಕರುಳಿನ ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆರೋಗ್ಯವಂತ ಯಕೃತ್ತು ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಸಿರೋಸಿಸ್‌ನಲ್ಲಿ ಅದು ರಕ್ತದಲ್ಲಿ ಉಳಿದು ಮೆದುಳನ್ನು ಮಂಕು ಮಾಡುತ್ತದೆ. ಮಲ ಕಟ್ಟಿಕೊಂಡಷ್ಟೂ ಅಮೋನಿಯಾ ಹೆಚ್ಚು ಹೊತ್ತು ಒಳಗೇ ಇರುತ್ತದೆ. ಸಾಮಾನ್ಯ ಮನುಷ್ಯನಿಗೆ ಎರಡು ದಿನದ ಮಲಬದ್ಧತೆ ಬರೀ ಹೊಟ್ಟೆ ಉಬ್ಬರ. ಸಿರೋಸಿಸ್ ರೋಗಿಗೆ ಅದೇ ಎರಡು ದಿನ ಮಂಪರಿಗೆ, ಎಚ್ಚರ ತಪ್ಪುವುದಕ್ಕೆ ಕಾರಣವಾಗಬಹುದು. ಜಠರದಲ್ಲಿ ರಕ್ತ ಸೋರಿದಾಗಲೂ ಹೀಗೇ ಆಗುತ್ತದೆ, ರಕ್ತವೂ ಕರುಳಿಗೆ ಒಂದು ಸಾರಜನಕದ ಊಟವೇ. ಆದ್ದರಿಂದ ಕಪ್ಪು ಮಲ ಹೋದವರು ಮರುದಿನ ಮಂಪರಿಗೆ ಹೋಗುವುದು ಸಾಮಾನ್ಯ.

ಇದಕ್ಕೆ ಕೊಡುವ ಔಷಧ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್. 1966ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಮೊದಲು ಈ ಕಾಯಿಲೆಗೆ ಬಳಸಿ ವರದಿ ಮಾಡಿದ್ದು, ಇಂದಿಗೂ ಇದೇ ಮೊದಲ ಔಷಧ. ಸಣ್ಣ ಕರುಳಿನಲ್ಲಿ ಇದು ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿಗೆ ಹೋದಾಗ ಅಲ್ಲಿನ ಸೂಕ್ಷ್ಮಜೀವಿಗಳು ಇದನ್ನು ಆಮ್ಲವಾಗಿ ಮಾಡುತ್ತವೆ. ಆ ಆಮ್ಲದಲ್ಲಿ ಅಮೋನಿಯಾ ಸಿಕ್ಕಿಕೊಂಡು ರಕ್ತಕ್ಕೆ ಹೋಗದೆ ಮಲದ ಜೊತೆ ಹೊರಬೀಳುತ್ತದೆ. ಹಾಗಾಗಿ ಇದು ಬರೀ ಬೇಧಿ ಔಷಧವಲ್ಲ, ತಲೆಯ ಔಷಧ. "ನನಗೆ ಮಲಬದ್ಧತೆ ಇಲ್ಲ, ಇದೇಕೆ" ಎನ್ನುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಿರಿ.

ಎಷ್ಟು ಕುಡಿಯಬೇಕು ಎಂಬುದನ್ನು ಬಾಟಲಿಯ ಅಳತೆ ಹೇಳುವುದಿಲ್ಲ, ನಿಮ್ಮ ಮಲ ಹೇಳುತ್ತದೆ. ದಿನಕ್ಕೆ 2ರಿಂದ 3 ಸಲ ಮೆತ್ತಗೆ ಆಗಬೇಕು. ಒಂದೇ ಸಲ ಆದರೆ ಔಷಧ ಸಾಲದು, ವೈದ್ಯರು ಹೇಳಿಕೊಟ್ಟ ಪ್ರಕಾರ ಸ್ವಲ್ಪ ಹೆಚ್ಚಿಸಿ. ನಾಲ್ಕಕ್ಕಿಂತ ಹೆಚ್ಚು, ಅದೂ ನೀರಿನ ಹಾಗೆ ಆದರೆ ಮುಂದಿನ ಹೊತ್ತಿನ ಔಷಧ ಬಿಟ್ಟು ವೈದ್ಯರಿಗೆ ತಿಳಿಸಿ. ಹೆಚ್ಚು ಬೇಧಿಯಾದರೆ ಒಳ್ಳೆಯದೇ ಎಂದು ಭಾವಿಸಬೇಡಿ. ಮೈಯ ನೀರು, ಸೋಡಿಯಂ, ಪೊಟ್ಯಾಸಿಯಂ ಕಳೆದುಹೋದರೆ ಮಂಪರು ಅದರಿಂದಲೇ ಬರುತ್ತದೆ, ಮೂತ್ರಪಿಂಡವೂ ಸೊರಗುತ್ತದೆ. ಮೂತ್ರ ಹೋಗುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರುವವರು ಇನ್ನೂ ಜಾಗ್ರತೆಯಾಗಿರಬೇಕು.

ಒಮ್ಮೆ ಮಂಪರು ಬಂದು ಇಳಿದ ಮೇಲೂ ಔಷಧ ಮುಂದುವರಿಸಬೇಕೇ? ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಚೇತರಿಸಿಕೊಂಡು ಲ್ಯಾಕ್ಟುಲೋಸ್ ಮುಂದುವರಿಸಿದ 61 ಜನರಲ್ಲಿ 12 ಜನರಿಗೆ ಮತ್ತೆ ಮಂಪರು ಬಂತು. ಔಷಧವಿಲ್ಲದೆ ಇದ್ದ 64 ಜನರಲ್ಲಿ 30 ಜನರಿಗೆ ಬಂತು. ಎರಡೂ ಗುಂಪಿನವರು ನಮ್ಮ ದೇಶದವರೇ, ನಮ್ಮ ಹಾಗೆಯೇ ಊಟ ಮಾಡುವವರೇ.

ಔಷಧ ಬಿಡುವುದಕ್ಕೆ ಜನ ಹೇಳುವ ಕಾರಣಗಳೂ ನಮಗೆ ಗೊತ್ತು. ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಬಾಯಿಗೆ ಸಿಹಿ ಹಿಡಿಸುವುದಿಲ್ಲ, ಮದುವೆಗೆ ಹೋಗಬೇಕು, ಬಸ್ಸಿನಲ್ಲಿ ಆರು ತಾಸು ಕೂಡಬೇಕು. ಪ್ರಯಾಣದ ದಿನ ಬೆಳಗಿನ ಔಷಧವನ್ನು ಊರು ಮುಟ್ಟಿದ ಮೇಲೆ ಕುಡಿಯಿರಿ, ಬಿಟ್ಟೇಬಿಡಬೇಡಿ. ನೀರು ಅಥವಾ ಲಿಂಬೆ ಪಾನಕದಲ್ಲಿ ಬೆರೆಸಿದರೆ ಸಿಹಿ ತಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದವರೂ ವೈದ್ಯರಿಗೆ ತಿಳಿಸಿ ಕುಡಿಯಬಹುದು.

ಲೆಕ್ಕ ಇಡುವ ಸುಲಭ ದಾರಿ ಗೋಡೆಯ ಕ್ಯಾಲೆಂಡರ್. ಒಮ್ಮೆ ಹೋಗಿ ಬಂದರೆ ಆ ದಿನದ ಚೌಕದಲ್ಲಿ ಒಂದು ಗೆರೆ. ಓದು ಬರಹ ಬಾರದವರೂ ಗೆರೆ ಎಳೆಯಬಲ್ಲರು. ಕಪ್ಪಾಗಿದ್ದರೆ ಒಂದು ಚುಕ್ಕೆ ಇಡಿ.

ಮನೆಯವರಿಗೆ ಒಂದು ವಿಶೇಷ ಸೂಚನೆ. ಮಂಪರು ಶುರುವಾದ ರೋಗಿಗೆ ತನಗೆ ಏನೋ ಆಗುತ್ತಿದೆ ಎಂಬುದೇ ತಿಳಿಯುವುದಿಲ್ಲ, ಔಷಧ ಕುಡಿದೆನೋ ಇಲ್ಲವೋ ಅದೂ ನೆನಪಿರುವುದಿಲ್ಲ. ಹಗಲು ನಿದ್ದೆ ರಾತ್ರಿ ಎಚ್ಚರ, ಸುಮ್ಮಸುಮ್ಮನೆ ಸಿಟ್ಟು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ಕೈ ಮುಂದೆ ಚಾಚಿ ಹಿಡಿದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ಅಂಗೈ ಬೀಳುವುದು, ಇವು ಮೊದಲ ಲಕ್ಷಣಗಳು. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಸಹಿ ಮಾಡಿಸಿ. ಸಹಿ ಸೊಟ್ಟಗಾಗುತ್ತ ಹೋದರೆ, ಅದೇ ದಿನಗಳಲ್ಲಿ ಕ್ಯಾಲೆಂಡರಿನ ಗೆರೆಗಳೂ ಕಡಿಮೆಯಾಗಿದ್ದರೆ ಕೂಡಲೇ ಕರೆತನ್ನಿ. ಹೆಂಡತಿ ಕೇಳಲು ಸಂಕೋಚಪಟ್ಟರೆ ಮಗ ಕೇಳಲಿ, ಸೊಸೆಗೆ ಸಂಕೋಚವಾದರೆ ಮೊಮ್ಮಗ ಕೇಳಲಿ. ಯಾರಾದರೊಬ್ಬರು ದಿನಾ ಕೇಳಲೇಬೇಕು.

ಊಟದ ಬಗ್ಗೆ ಎರಡು ಮಾತು ಇಲ್ಲೇ ಹೇಳಬೇಕು. ಹಿಂದೆ ವೈದ್ಯರೇ ಬೇಳೆ, ಹಾಲು ಬಿಡಿ ಎನ್ನುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಬೇಳೆ, ಕಾಳು, ಮೊಸರಿನ ಪ್ರೋಟೀನ್ ಈ ಕಾಯಿಲೆಗೆ ಚೆನ್ನಾಗಿ ಹೊಂದುತ್ತದೆ. ಕಾಳು, ತರಕಾರಿಯ ನಾರಿನಿಂದ ಮಲವೂ ಸಲೀಸು. ನಮ್ಮ ಮನೆಗಳ ಸಸ್ಯಾಹಾರ ಇಲ್ಲಿ ಒಂದು ಅನುಕೂಲವೇ ಸರಿ, ಉಪ್ಪು ಮಾತ್ರ ಕಡಿಮೆ ಇರಲಿ, ಉಪ್ಪಿನಕಾಯಿ ಹಪ್ಪಳ ದೂರವಿರಲಿ. ಆದರೆ ಖಾಲಿ ಹೊಟ್ಟೆಯಲ್ಲಿ ಬಹಳ ಹೊತ್ತು ಇರುವುದು ಒಳ್ಳೆಯದಲ್ಲ. ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ, ಸ್ನಾಯು ಕರಗಿದರೆ ಅಮೋನಿಯಾ ಏರುತ್ತದೆ. ಶ್ರಾವಣದ ಉಪವಾಸ, ಶಿವರಾತ್ರಿಯ ನಿರಾಹಾರ ಸಿರೋಸಿಸ್ ರೋಗಿಗೆ ಬೇಡ. ಲಿಂಗಪೂಜೆ ಮುಗಿಯುವವರೆಗೆ ನೀರನ್ನೂ ಮುಟ್ಟದ ಹಿರಿಯರಿದ್ದಾರೆ. ಪೂಜೆ ಬಿಡಿ ಎನ್ನುತ್ತಿಲ್ಲ, ಬೇಗ ಎದ್ದು ಮುಗಿಸಿ ಎನ್ನುತ್ತಿದ್ದೇವೆ. ಮಲಗುವ ಮುನ್ನ ಒಂದು ಲೋಟ ಹಾಲು ಮತ್ತು ಒಂದು ರೊಟ್ಟಿಯನ್ನೋ ಬಾಳೆಹಣ್ಣನ್ನೋ ತಿಂದು ಮಲಗಿ.

ಬೇಧಿ ಮತ್ತು ಹೊಟ್ಟೆಯ ನೀರಿನ ಸೋಂಕು

ಜಲೋದರ ಇದ್ದವರಿಗೆ ಔಷಧ ಹೆಚ್ಚಿಸದೆ ಏಕಾಏಕಿ ಬೇಧಿ ಹತ್ತಿಕೊಂಡರೆ, ಹೊಟ್ಟೆ ನೋವು, ಜ್ವರ ಅಥವಾ ಮಂಪರು ಜೊತೆಗೂಡಿದರೆ ಹೊಟ್ಟೆಯ ನೀರಿಗೆ ಸೋಂಕು ತಗುಲಿರಬಹುದು. ಕರುಳಿನ ಗೋಡೆ ಸಡಿಲಗೊಂಡು ಒಳಗಿನ ಸೂಕ್ಷ್ಮಜೀವಿಗಳು ಹೊರಕ್ಕೆ ದಾಟುವುದರಿಂದ ಹೀಗಾಗುತ್ತದೆ. ಹಲವರಿಗೆ ಜ್ವರವೇ ಬರುವುದಿಲ್ಲ ಎಂಬುದನ್ನು ನೆನಪಿಡಿ. ಸೂಜಿಯಿಂದ ಸ್ವಲ್ಪ ನೀರು ತೆಗೆದು ನೋಡಿದಾಗ ಒಂದು ಘನ ಮಿಲಿ ಮೀಟರಿಗೆ 250ರಷ್ಟು ಅಥವಾ ಅದಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಿದ್ದರೆ ಸೋಂಕು ಖಚಿತ, ಆಂಟಿಬಯೋಟಿಕ್ ಅಂದೇ ಶುರುವಾಗಬೇಕು. ಬೇಧಿ ನಿಲ್ಲಿಸುವ ಮಾತ್ರೆ ನುಂಗಿ ಮನೆಯಲ್ಲಿ ಕೂಡಬೇಡಿ.

ಮಲದ ಪರೀಕ್ಷೆಗಳು

ಕಣ್ಣಿಗೆ ಕಾಣದಷ್ಟು ರಕ್ತ ದಿನಾ ಸೋರುತ್ತಿದ್ದರೆ ಮಲ ಕಪ್ಪಾಗದೆಯೇ ರಕ್ತಹೀನತೆ ಬರುತ್ತದೆ. ಜಠರದ ಒಳಪೊರೆ ಊದಿಕೊಂಡಿರುವ ಸಿರೋಸಿಸ್ ರೋಗಿಗಳಲ್ಲಿ ಇದು ಅಪರೂಪವಲ್ಲ. ಇದಕ್ಕೆ ಗುಪ್ತ ರಕ್ತದ ಪರೀಕ್ಷೆ ಎಂಬುದಿದೆ, ಖರ್ಚು ಕಡಿಮೆ. ಆದರೆ ಇದರಲ್ಲಿ ರಕ್ತ ಇಲ್ಲ ಎಂದು ಬಂದ ಮಾತ್ರಕ್ಕೆ ಅನ್ನನಾಳದ ರಕ್ತನಾಳಗಳು ಉಬ್ಬಿಲ್ಲ ಎಂದಲ್ಲ. ಅವು ಒಡೆಯುವವರೆಗೆ ಒಂದು ಹನಿಯನ್ನೂ ಸೋರಿಸದೆ ಇರಬಹುದು. ಅದನ್ನು ನೋಡಲು ಎಂಡೋಸ್ಕೋಪಿಯೇ ಬೇಕು.

ಇನ್ನೊಂದು ಹೊಸ ಪರೀಕ್ಷೆಯ ಬಗ್ಗೆ ಓದಿಕೊಂಡು ಬಂದು ಕೇಳುವವರಿದ್ದಾರೆ, ಅದರ ಹೆಸರು ಕ್ಯಾಲ್‌ಪ್ರೊಟೆಕ್ಟಿನ್. ನ್ಯೂಟ್ರೊಫಿಲ್ ಕಣಗಳಲ್ಲಿ ತುಂಬಿರುವ ಒಂದು ಪ್ರೋಟೀನ್ ಇದು, ನಾರ್ವೆಯ ವಿಜ್ಞಾನಿ ಮಾಗ್ನೆ ಫಾಗರ್‌ಹೋಲ್ ಮತ್ತು ಸಂಗಡಿಗರು 1980ರಲ್ಲಿ ಮೊದಲು ಬೇರ್ಪಡಿಸಿ ತೋರಿಸಿದರು. ಕರುಳಿನಲ್ಲಿ ಉರಿಯೂತ ಇದ್ದಾಗ ಈ ಕಣಗಳು ಕರುಳಿಗೆ ನುಗ್ಗಿ, ಮಲದಲ್ಲಿ ಈ ಪ್ರೋಟೀನ್ ಹೆಚ್ಚುತ್ತದೆ. 2011ರಲ್ಲಿ ಜರ್ಮನಿಯ ವೈದ್ಯರು ಸಿರೋಸಿಸ್ ರೋಗಿಗಳ ಮಲದಲ್ಲಿ ಇದನ್ನು ಅಳೆದು, ಮಂಪರು ಇದ್ದವರಲ್ಲೂ ಹೊಟ್ಟೆಯ ನೀರಿನ ಸೋಂಕು ಇದ್ದವರಲ್ಲೂ ಇದು ಹೆಚ್ಚಾಗಿರುತ್ತದೆ ಎಂದು ವರದಿ ಮಾಡಿದರು. ಸೂಜಿ ಚುಚ್ಚದೆ ಮಲದಿಂದಲೇ ಮುನ್ಸೂಚನೆ ಸಿಗುವುದಾದರೆ ಒಳ್ಳೆಯದೇ. ಆದರೆ ಆಮಶಂಕೆ, ನೋವಿನ ಮಾತ್ರೆ, ಕರುಳಿನ ಹುಣ್ಣು, ರಕ್ತಸ್ರಾವ, ಇವೆಲ್ಲದರಲ್ಲೂ ಇದು ಏರುತ್ತದೆ. ಆದ್ದರಿಂದ ಸಿರೋಸಿಸ್ ರೋಗಿಗೆ ಮಾಮೂಲಾಗಿ ಬರೆದುಕೊಡುವ ಪರೀಕ್ಷೆ ಇದಲ್ಲ. ಇದಕ್ಕೆ ಹಣ ಹಾಕುವ ಬದಲು ಆ ಹಣದಲ್ಲಿ ಲ್ಯಾಕ್ಟುಲೋಸ್ ಬಾಟಲಿ ತನ್ನಿ ಎಂದೇ ನಾವು ಹೇಳುತ್ತೇವೆ.

ಯಾವುದೇ ಪರೀಕ್ಷೆಗೆ ಮಲ ತರುವಾಗ ಪ್ರಯೋಗಾಲಯದಲ್ಲಿ ಕೊಡುವ ಒಣ ಡಬ್ಬಿಯಲ್ಲೇ ತನ್ನಿ. ಕಡಲೆ ಕಾಳಿನಷ್ಟು ಸಾಕು. ಮೂತ್ರ, ನೀರು, ಫಿನಾಯಿಲ್ ತಾಗಿರಬಾರದು. ಪಾಯಖಾನೆಯ ಗುಂಡಿಯಿಂದ ಎತ್ತಬೇಡಿ, ಒಂದು ಕಾಗದ ಅಥವಾ ಬಾಳೆಎಲೆಯ ತುಂಡು ಹಾಸಿಕೊಳ್ಳಿ. ತಿಂಗಳಿನ ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ರಕ್ತ ಬೀಳುವ ದಿನಗಳಲ್ಲಿ ಗುಪ್ತ ರಕ್ತದ ಪರೀಕ್ಷೆಗೆ ಕೊಡಬೇಡಿ. ಅದೇ ದಿನ ತಲುಪಿಸಿ. ತಪಾಸಣೆಗೆ ಬರುವಾಗ ಕ್ಯಾಲೆಂಡರಿನ ಆ ತಿಂಗಳ ಹಾಳೆ, ಸಹಿಯ ನೋಟ್‌ಬುಕ್, ಹಿಂದಿನ ಎಂಡೋಸ್ಕೋಪಿ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ನಾಟಿ ಔಷಧ ತೆಗೆದುಕೊಂಡಿದ್ದರೆ ಅದರ ಪೊಟ್ಟಣವನ್ನೂ ತನ್ನಿ.